ಸೀಳದ ಹಾಳೆಗಳು

ಪುಸ್ತಕ ಉಪ್ಪಿನ ಭರಣಿಯ ಪಕ್ಕದಲ್ಲಿತ್ತು. ಅದನ್ನು ಅಲ್ಲಿ ಕಂಡಾಗ ಜಯಸಿಂಹನಿಗೆ ಮೊದಲು ಖುಷಿಯೇ ಆಯಿತು. ತಾನು ಬರೆದದ್ದು ಒಂದು ಅಡಿಗೆಮನೆಯವರೆಗೂ ಬಂದಿದೆ, ಹಿಟ್ಟಿನ ಕೈ ಅದನ್ನು ಮುಟ್ಟಿದೆ ಎಂಬ ಖುಷಿ. ಪರೇಲಿನ ಚಾಳಿನ ಎರಡು ಖೋಲಿಗಳಲ್ಲಿ ದಾನವ್ವ ನಡೆಸುವ ಖಾನಾವಳಿಗೆ ಈ ಭಾನುವಾರ ಅವನು ಎಲ್ಲರಿಗಿಂತ ಮುಂಚೆ ಬಂದು ಕೂತಿದ್ದ. ಒಳಗೆ ರೊಟ್ಟಿ ತಟ್ಟುವ ಸದ್ದು ನಡೆದಿತ್ತು. ಯಾರೂ ಇಲ್ಲದ್ದನ್ನು ನೋಡಿಕೊಂಡು, ಕದಿಯುವವನ ಹಾಗೆ ಕೈಚಾಚಿ ಪುಸ್ತಕ ತೆಗೆದ. ಮೊದಲ ಹಾಳೆಗಳ ನಡುವೆ ಜೋಳದ ಹಿಟ್ಟಿನ ನವಿರಾದ ಪುಡಿ ಇತ್ತು. ಒಂದು ಕಡೆ ಹೆಬ್ಬೆರಳಿನ ಗುರುತು ಕೂಡ. ಅಗ್ಗದ ಪುಸ್ತಕ ಅದು. ಅಚ್ಚಾದ ದೊಡ್ಡ ಕಾಗದವನ್ನು ಮಡಿಸಿ, ಹೊಲಿದು, ಅಂಚು ಕತ್ತರಿಸದೆ ಹಾಗೆಯೇ ಧಾರವಾಡದಿಂದ ಕಟ್ಟು ಕಟ್ಟಿ ಕಳಿಸಿದ್ದರು. ಓದುವವರೇ ಮಡಿಕೆ ಸೀಳಿಕೊಂಡು ಮುಂದೆ ಹೋಗಬೇಕು. ದಾನವ್ವನ ಮಗಳು ಸೇವಂತಿ ಹೇರ್‌ಪಿನ್ನಿನಿಂದ ಸೀಳಿರಬೇಕು, ಅಂಚು ನಾಯಿ ಕಚ್ಚಿದ ಹಾಗೆ ಹರಿದಿತ್ತು. ಅದನ್ನೂ ಪ್ರೀತಿಯಿಂದಲೇ ನೋಡುತ್ತ ಅವನು ಹಾಳೆ ತಿರುವಿದ. ಕತೆಯ ಹುಡುಗಿ ರೈಲು ಹತ್ತುವಲ್ಲಿಗೆ ಬಂದ. ತನ್ನ ಸ್ಟೇಷನ್ ಬಂದರೂ ಅವಳು ಇಳಿಯದೆ ಕೂತುಬಿಡುವ ಸಾಲಿಗೆ ಬಂದ. ಅಲ್ಲಿಂದ ಮುಂದೆ ಹಾಳೆ ತಿರುಗಲಿಲ್ಲ. ಮಡಿಕೆಗಳು ಪ್ರೆಸ್ಸಿನಿಂದ ಬಂದ ಹಾಗೆ ಗಟ್ಟಿಯಾಗಿ, ಬಿಳಿಯಾಗಿ ಕೂಡಿಕೊಂಡಿದ್ದವು. ಅವನ ಬೆರಳು ಗಾಬರಿಯಿಂದ ಹಿಂದಕ್ಕೂ ಮುಂದಕ್ಕೂ ಓಡಿತು. ಪುಸ್ತಕದ ಅರ್ಧಕ್ಕೂ ಹೆಚ್ಚು ಭಾಗ ಬಾಯಿ ಮುಚ್ಚಿತ್ತು. ಆಮೇಲೆ, ಕಟ್ಟಕಡೆಗೆ, ಒಂದೇ ಒಂದು ಮಡಿಕೆ ಸೀಳಿತ್ತು. ಕೊನೆಯ ಅಧ್ಯಾಯ. ಅಲ್ಲಿಯೂ ಹಿಟ್ಟಿನ ಪುಡಿ.

ಹೋದ ವಾರ ಸೇವಂತಿಯೇ ಹೇಳಿದ್ದಳು: "ಎಲ್ಲಾ ಓದಿದ್ನಿ ಅಣ್ಣಾರ. ಚಲೋ ಐತಿ." ಅವಳಿಗೆ ಮುಂದಿನ ವರ್ಷ ಮೆಟ್ರಿಕ್. ತಟ್ಟೆಗೆ ಪುಂಡಿಪಲ್ಯ ಬಡಿಸುತ್ತಲೇ, ಅವನ ಮುಖ ನೋಡದೆ ಅಂದಿದ್ದಳು. ಮುಖ ನೋಡದಿದ್ದುದನ್ನು ಅವನು ನಾಚಿಕೆ ಎಂದುಕೊಂಡ. ಆ ಒಂದು ಮಾತನ್ನು ವಾರವಿಡೀ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಫೋರ್ಟಿನ ವಿಮಾ ಕಚೇರಿಯಲ್ಲಿ ಪಾಲಿಸಿಗಳ ನಕಲು ತೆಗೆಯುವಾಗ ಆಗಾಗ ಅದನ್ನು ಹೊರತೆಗೆದು ಮುಟ್ಟಿ ನೋಡಿದ. ಸಾಲದ್ದಕ್ಕೆ ಕನ್ನಡ ಸಂಘದ ಕಾರ್ಯದರ್ಶಿ ಸತ್ಯಮೂರ್ತಿಗಳ ಮುಂದೆ ಆಡಿಯೂ ಬಿಟ್ಟ. ಕಿಶೋರರಿಗಾಗಿ ಬರೆದ ಒಳ್ಳೆಯ ಕಾದಂಬರಿಗೆ ಸಂಘ ಈ ವರ್ಷ ಒಂದು ಬಹುಮಾನ ಇಟ್ಟಿತ್ತು; ಅದು ಅವನ ಪುಸ್ತಕಕ್ಕೆ ಬಂದಿತ್ತು. ಸತ್ಯಮೂರ್ತಿಗಳು ಮೇಜು ಕುಟ್ಟಿ, "ಭೇಷ್! ಆ ಹುಡುಗೀನೇ ವೇದಿಕೆ ಮೇಲೆ ಎರಡು ಮಾತಾಡಲಿ ಕಣಯ್ಯ. ಅವಳ ಪ್ರತಿ ಹಿಡ್ಕೊಂಡೇ ಬರಲಿ. ನಡುವಿನಿಂದ ಒಂದು ಪ್ಯಾರಾ ಓದಲಿ. ಆ ಸ್ಟೇಷನ್ ಮಾಸ್ತರು ಬುದ್ಧಿ ಹೇಳೋದು ಇದೆಯಲ್ಲ, ಅದು. ಓದುಗರೇ ಬಂದು ಸಾಕ್ಷಿ ಹೇಳಿದ ಹಾಗಿರುತ್ತೆ" ಎಂದಿದ್ದರು. ಸಾಕ್ಷಿ. ಆ ಮಾತು ಆಗಲೇ ಅವನಿಗೆ ಚುಚ್ಚಬೇಕಿತ್ತು. ಸಮಾರಂಭ ಇವತ್ತೇ, ಮಧ್ಯಾಹ್ನ. ಸ್ಟೇಷನ್ ಮಾಸ್ತರು ಬುದ್ಧಿ ಹೇಳುವ ಪುಟ ಮಡಿಕೆಯೊಳಗೆ ಮುಚ್ಚಿಕೊಂಡು ಕೂತಿತ್ತು.

ಆದರೆ ಅವನು ಗಾಬರಿಯಾದದ್ದು ಪ್ಯಾರಾಕ್ಕಾಗಿ ಅಲ್ಲ. ಅವಳು ನಿಂತ ಜಾಗಕ್ಕಾಗಿ. ಬೇಸರ ಬಂದು ಬಿಟ್ಟವರು ಎಲ್ಲಾದರೂ ಬಿಡುತ್ತಾರೆ, ಅಧ್ಯಾಯದ ನಡುವೆ, ಸಾಲಿನ ನಡುವೆ. ಇವಳು ಸರಿಯಾಗಿ ಅಲ್ಲಿ ನಿಂತಿದ್ದಳು. ಹೋದ ವರ್ಷ ಚಳಿಗಾಲದ ಒಂದು ಮಧ್ಯಾಹ್ನ, ಊಟದವರೆಲ್ಲ ಎದ್ದುಹೋದ ಮೇಲೆ, ಇದೇ ಗೋಡೆಗೆ ಒರಗಿ ಜೋಳ ಹಸನು ಮಾಡುತ್ತ ಅವಳು ಇದ್ದಕ್ಕಿದ್ದಂತೆ ಹೇಳಿದ್ದಳು. ಫೋರ್ಟಿನ ಶಾಲೆಯಿಂದ ದಿನಾ ಬರುವ ಹಾಗೆ ಬೋರಿಬಂದರಿನಲ್ಲಿ ಲೋಕಲ್ ಹತ್ತಿದ್ದು, ಪರೇಲ್ ಬಂದದ್ದು, ತಾನು ಇಳಿಯದೆ ಕೂತದ್ದು. ಕಲ್ಯಾಣದವರೆಗೂ ಹೋದಳಂತೆ. ಅಲ್ಲಿ ಒಂದು ಬೆಂಚಿನ ಮೇಲೆ ಕೂತು ಪೇರಲಹಣ್ಣು ತಿಂದಳಂತೆ. ಎಂಜಿನ್ನು ನೀರು ಕುಡಿಯುವುದನ್ನು ನೋಡಿದಳಂತೆ. ಮುಂದಿನ ಗಾಡಿಗೆ ತಿರುಗಿ ಬಂದು ಶಾಲೆಯಲ್ಲಿ ತಡವಾಯಿತು ಎಂದಳಂತೆ. "ಅವ್ವಗ ಹೇಳಬ್ಯಾಡ್ರಿ ಮತ್ತ." "ಯಾಕೆ ಹೋದೆ?" ಎಂದು ಕೇಳಿದ್ದಕ್ಕೆ ಅವಳು ಮೊರದಿಂದ ಒಂದು ಕಲ್ಲು ಆರಿಸಿ ಎಸೆದು, "ಸುಮ್ನ" ಎಂದಿದ್ದಳು.

ಆ ಸುಮ್ಮನೆಯನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅಂದಿನ ರಾತ್ರಿಯಿಂದಲೇ ಬರೆಯತೊಡಗಿದ. ಹುಡುಗಿಗೊಂದು ಕಾರಣ ಕೊಟ್ಟ: ಗಣಿತದಲ್ಲಿ ನಪಾಸು, ತಾಯಿಯ ಬೈಗುಳ. ಕೊನೆಯ ಸ್ಟೇಷನ್ನಿನಲ್ಲಿ ಅವಳಿಗೆ ಹಸಿವು ಕೊಟ್ಟ, ಕತ್ತಲೆ ಕೊಟ್ಟ, ಹೆದರಿಸಲು ಒಬ್ಬ ಕುಡುಕನನ್ನು ಕೊಟ್ಟ, ಕಾಪಾಡಲು ದಯಾಳುವಾದ ಸ್ಟೇಷನ್ ಮಾಸ್ತರನನ್ನು ಕೊಟ್ಟ. ಪೇರಲಹಣ್ಣನ್ನು ಮಾತ್ರ ಕೊಡಲಿಲ್ಲ. ಕೊನೆಗೆ ತಾಯಿಯ ಕಾಲಿನ ಮೇಲೆ ಬಿದ್ದು ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಎಳೆಯರ ಪುಸ್ತಕ, ಏನಾದರೂ ಹೇಳಬೇಕಲ್ಲ, ಪ್ರಕಾಶಕರು ಒಪ್ಪಬೇಕಲ್ಲ ಎಂದು ಗೆಳೆಯರಿಗೆ ಹೇಳಿಕೊಂಡಿದ್ದ. ಪ್ರಕಾಶಕರು ಅಂಥದ್ದೇನೂ ಕೇಳಿರಲಿಲ್ಲ. ಪುಟ ಹೆಚ್ಚಾಗದಿರಲಿ ಎಂದಷ್ಟೇ ಬರೆದಿದ್ದರು. ಹುಡುಗಿಯನ್ನು ಅಳಿಸಿದ್ದು ತಾನೇ. ಅಳಿಸುವಾಗ ತನಗೆ ಎಂಥದೋ ನೆಮ್ಮದಿಯಾಗಿತ್ತು. ತೆರೆದ ಬಾಗಿಲನ್ನು ಎದ್ದುಹೋಗಿ ಮುಚ್ಚಿ ಬಂದವನ ನೆಮ್ಮದಿ. ಈಗ ಹಿಟ್ಟಿನ ಆ ಹೆಬ್ಬೆಟ್ಟಿನ ಗುರುತಿನ ಮುಂದೆ ಆ ನೆಮ್ಮದಿ ನಿಲ್ಲಲಿಲ್ಲ.

ಇವತ್ತು ಅವಳು ವೇದಿಕೆಯ ಮೇಲೆ ಏನು ಹೇಳುತ್ತಾಳೆ? "ಈ ಹುಡುಗಿ ನಾನ ರೀ" ಎಂದುಬಿಟ್ಟರೆ? ದಾನವ್ವ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಮಗಳು ಒಂದು ದಿನ ಹೇಳದೆ ಕಲ್ಯಾಣಕ್ಕೆ ಹೋಗಿದ್ದಳು ಎಂದು ಜನರ ನಡುವೆ ಅವಳಿಗೆ ಗೊತ್ತಾದರೆ, ಶಾಲೆಯೂ ರೈಲೂ ಅವತ್ತಿಗೇ ಮುಗಿದವು. ಅದಕ್ಕೆ ಕಾರಣ ತಾನಾಗುತ್ತೇನೆ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಆದರೆ ಕೈ ಬೇರೆ ಚಿಂತೆಯಲ್ಲಿತ್ತು. ಅದು ಆಗಲೇ ಜೇಬಿನಿಂದ ಪೆನ್ಸಿಲ್ ಕೆತ್ತುವ ಚಾಕು ತೆಗೆದು, ಮುಚ್ಚಿದ ಮಡಿಕೆಯೊಳಗೆ ತೂರಿಸಿ ಸೀಳತೊಡಗಿತ್ತು. ಒಂದು ಮಡಿಕೆ, ಇನ್ನೊಂದು. ಜನರೆದುರು ಪುಸ್ತಕ ತೆರೆದರೆ ತೆರೆದುಕೊಳ್ಳಲಿ, ಅಷ್ಟೆ. ಚಾಕು ಮೊಂಡು. ಕಾಗದ ಅಡ್ಡಡ್ಡ ಹರಿದು ಸ್ಟೇಷನ್ ಮಾಸ್ತರನ ಮಾತಿನ ಮಧ್ಯಕ್ಕೆ ಬಂತು.

"ಏನ ಮಾಡಾಕತ್ತೀರಿ ಅಣ್ಣಾರ?"

ಸೇವಂತಿ ರೊಟ್ಟಿಯ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವನು ಚಾಕುವನ್ನು ತೊಡೆಯ ಕೆಳಗೆ ತಳ್ಳಿದ. "ಏನಿಲ್ಲ. ಒಂದು ಅಚ್ಚಿನ ತಪ್ಪಿತ್ತು. ನೋಡ್ತಿದ್ದೆ." ಅವಳ ಕಣ್ಣು ಅವನ ಮುಖದಿಂದ ಪುಸ್ತಕಕ್ಕೆ, ಪುಸ್ತಕದಿಂದ ಅವನ ತೊಡೆಗೆ ಬಂದು ನಿಂತಿತು. ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಮಿಲ್ಲಿನ ಸಾಂಚಾ ಖಾತೆಯಲ್ಲಿ ಮಗ್ಗ ನಡೆಸುವ ಕಾಶಪ್ಪ ಒದ್ದೆ ತಲೆ ಒರೆಸಿಕೊಳ್ಳುತ್ತ ಒಳಬಂದ.

"ಓಹೋ, ರಾಯರ! ಇವತ್ತೇನ ಕೋಟು, ಇಸ್ತ್ರಿ! ಹೆಣ್ಣ ನೋಡಾಕ ಹೊಂಟೀರೇನ?"

"ಇನಾಮ ಕೊಡ್ತಾರಂತೋ ಅವರಿಗೆ" ಎಂದು ಒಳಗಿನಿಂದ ದಾನವ್ವ ಕೂಗಿದಳು. "ನಮ್ಮ ಸೇವಂತಿ ಭಾಷಣ ಮಾಡತೈತಿ. ನಾನೂ ಹೊಂಟೀನಿ. ಸಂಜೀ ಊಟಕ್ಕ ಬ್ಯಾರೆ ಕಡೆ ನೋಡ್ಕೊ ಹೋಗು."

"ಇನಾಮ ಅವರಿಗೆ, ಉಪವಾಸ ನನಗ? ಚಲೋ ಆತ ಬಿಡು. ಏನ ಬರದೀರಿ ರಾಯರ ಕತಿ? ಹೊಡದಾಟ ಗಿಡದಾಟ ಐತೇನು?"

"ಇಲ್ಲ ಕಾಶಪ್ಪ. ಹುಡುಗರಿಗೆ ಬರೆದದ್ದು."

"ಹುಡುಗರೇ ಅಲ್ಲೇನ್ರೀ ಹೊಡದಾಡೂದು!" ಎಂದು ಕಾಶಪ್ಪ ನಕ್ಕ. ಸೇವಂತಿ ನಗಲಿಲ್ಲ. ಜಯಸಿಂಹನ ತಟ್ಟೆಯಲ್ಲಿ ರೊಟ್ಟಿ ಇಟ್ಟು, ಹರಿದ ಪುಸ್ತಕವನ್ನು ಎತ್ತಿಕೊಂಡು, ಸೆರಗಿನಿಂದ ಅಂಚು ಒರೆಸಿ ಒಳಗೆ ಹೋದಳು.

ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಸಭೆಗೆ ಹೋಗುವ ರೈಲಿನಲ್ಲಿ ಅವನು ಒಬ್ಬನೇ, ತಾಯಿ ಮಗಳು ಹೆಂಗಸರ ಡಬ್ಬಿಯಲ್ಲಿ. ಬಾಗಿಲ ಸರಳು ಹಿಡಿದು ನಿಂತು ಮಿಲ್ಲುಗಳ ಚಿಮಣಿಗಳನ್ನು ನೋಡುತ್ತಿದ್ದವನಿಗೆ ಮೈಸೂರಿನ ಅತ್ತೆಯ ಮನೆಯ ಟ್ರಂಕು ನೆನಪಾಯಿತು. ಅದರೊಳಗೊಂದು ಕಾದಂಬರಿ ಇತ್ತು. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಪುಟಗಳಿಲ್ಲ. ಮೀಸೆ ಇನ್ನೂ ಮೂಡದ ವಯಸ್ಸು. ಅಟ್ಟದ ಮೇಲೆ ಬೋರಲು ಮಲಗಿ ಓದಿದ್ದ. ಹುಡುಗನೊಬ್ಬ ನದಿ ದಾಟಲು ಹರಿಗೋಲು ಹತ್ತುತ್ತಾನೆ, ಅಲ್ಲಿಗೆ ಹರಿದುಹೋಗಿತ್ತು. ಆ ಹುಡುಗನನ್ನು ಅವನು ಎಷ್ಟು ವರ್ಷ ಆಚೆ ದಡಕ್ಕೆ ಕರೆದೊಯ್ದಿದ್ದ! ಸ್ನಾನ ಮಾಡುವಾಗ, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಾಗ, ಅಪ್ಪ ಸತ್ತ ದಿನ ಕೂಡ. ಪ್ರತಿಸಲವೂ ದಡ ಬೇರೆ. ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಇಡೀ ಪುಸ್ತಕ ಸಿಕ್ಕಿತು. ನಿಂತಲ್ಲೇ ಕೊನೆ ಓದಿದ. ಹರಿಗೋಲು ನಡುನೀರಿನಿಂದ ಹಿಂದಕ್ಕೆ ತಿರುಗುತ್ತದೆ. ಹಿರಿಯರ ಮಾತು ಕೇಳಬೇಕೆಂದು ಅಂಬಿಗ ಹುಡುಗನಿಗೆ ಬುದ್ಧಿ ಹೇಳುತ್ತಾನೆ. ಪುಸ್ತಕವನ್ನು ಕಪಾಟಿಗೆ ಹಾಕಿ ಹೊರಗೆ ಬಂದಾಗ ಯಾರೋ ತನ್ನ ಜೇಬಿಗೆ ಕೈ ಹಾಕಿ ಏನೋ ತೆಗೆದುಕೊಂಡ ಹಾಗೆ ಆಗಿತ್ತು. ಬರೆದವನನ್ನು ಮನಸಾರೆ ಬೈದಿದ್ದ. ಆ ಅಂಬಿಗನಿಗೆ ತಾನೇ ಸ್ಟೇಷನ್ ಮಾಸ್ತರನ ಟೋಪಿ ಹಾಕಿದ್ದು ಅವನಿಗೆ ಹೊಳೆದದ್ದು ಈಗ, ಭಾಯಖಳಾ ದಾಟುವಾಗ. ಪಕ್ಕದವನು "ಭಾಯ್‌ಸಾಬ್, ಜರಾ ಸರ್ಕೋ" ಎಂದು ಮೊಣಕೈಯಿಂದ ತಿವಿದ. ಅದು ತನಗೆ ಸಲ್ಲತಕ್ಕದ್ದೇ ಎಂಬಂತೆ ಜಯಸಿಂಹ ಸರಿದ.

ಫೋರ್ಟಿನಲ್ಲಿ ಉಡುಪಿ ಹೋಟೆಲೊಂದರ ಮಹಡಿಯ ಮೇಲೆ ಸಭೆ. ಕೆಳಗಿನಿಂದ ಸಾಂಬಾರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಹಾರ, ಶಾಲು, ತೆಂಗಿನಕಾಯಿ. ಸತ್ಯಮೂರ್ತಿಗಳು ಎಳೆಯರ ಸಾಹಿತ್ಯ ಹೇಗಿರಬೇಕೆಂದು ಬಹಳ ಹೊತ್ತು ಹೇಳಿದರು: ಅದು ಸಕ್ಕರೆಯಲ್ಲಿ ಅದ್ದಿದ ಔಷಧಿ, ನಾಲಗೆಗೆ ಸಿಹಿ, ಮೈಗೆ ಹಿತ. ಮೊದಲ ಸಾಲಿನಲ್ಲಿ ಕೂರಿಸಿದ್ದ ಹುಡುಗರು ಕಾಲು ಆಡಿಸುತ್ತ, ಒಬ್ಬರನ್ನೊಬ್ಬರು ಚಿವುಟುತ್ತ ಮರಾಠಿಯಲ್ಲಿ ಪಿಸುಗುಟ್ಟುತ್ತಿದ್ದರು. ಜಯಸಿಂಹ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದ. ಇಳಕಲ್ ಸೀರೆಯುಟ್ಟ ದಾನವ್ವ ಎರಡನೆಯ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ, ಫೋಟೋ ತೆಗೆಸಿಕೊಳ್ಳುವವಳ ಹಾಗೆ ನೋಡುತ್ತಿದ್ದಳು. ಸೇವಂತಿಯ ಹೆಸರು ಕರೆದರು. ಅವಳು ಚಪ್ಪಲಿ ಕೆಳಗೆ ಬಿಟ್ಟು ಬರಿಗಾಲಲ್ಲಿ ಮೇಲೆ ಬಂದಳು. ಪುಸ್ತಕ ಎದೆಗೆ ಅವಚಿಕೊಂಡಿದ್ದಳು.

"ನಮ್ಮ ಕಿಶೋರ ಓದುಗರ ಪ್ರತಿನಿಧಿ" ಎಂದರು ಸತ್ಯಮೂರ್ತಿಗಳು. "ಹೇಳಮ್ಮಾ ಮಗೂ, ಈ ಪುಸ್ತಕದಿಂದ ನೀನು ಏನು ಕಲಿತೆ?"

  ಜಯಸಿಂಹ ಅವಳ ಬರಿಗಾಲಿನ ಬೆರಳುಗಳು ನೆಲವನ್ನು ಹಿಡಿದುಕೊಂಡಿರುವುದನ್ನು ನೋಡಿದ. ಸುಳ್ಳು ಹೇಳು, ಚಲೋ ಐತಿ ಅನ್ನು, ಇಳಿದುಹೋಗು ಎಂದು ಮನಸ್ಸಿನಲ್ಲೇ ಅಂಗಲಾಚಿದ. ಅದರ ಬೆನ್ನಿಗೇ, ಸುಳ್ಳು ಹೇಳಿದರೆ ತಾನು ಇವಳನ್ನು ಇನ್ನು ಯಾವತ್ತೂ ನೋಡಲಾರೆ ಎನ್ನಿಸಿತು.

"ನಾ ಎಲ್ಲಾ ಓದಿಲ್ರೀ" ಎಂದಳು ಸೇವಂತಿ.

ಸಭೆ ನಕ್ಕಿತು. ಹುಡುಗರು ಚಿವುಟುವುದನ್ನು ನಿಲ್ಲಿಸಿ ಮೊದಲ ಸಲ ತಲೆಯೆತ್ತಿದರು. ಸತ್ಯಮೂರ್ತಿಗಳೂ ನಗುತ್ತ, "ಅದ್ಯಾಕಮ್ಮಾ? ಸೋಮಾರಿನಾ ನೀನು?" ಎಂದರು.

"ಅಲ್ರೀ. ಆಕಿ ಗಾಡಿ ಇಳೀಲಾರದ ಕುಂತ್ಲಲ್ರೀ, ಅಲ್ಲೀತನಾ ಭಾಳ ಚಲೋ ಐತ್ರಿ. ಅನ್ನ ಉಕ್ಕಿದ್ದೂ ಖಬರಿಲ್ಲ ನನಗ. ಆಮ್ಯಾಲ ಜೀವ ತಡೀಲಿಲ್ಲ, ಕೊನೀದು ನೋಡಿದ್ನಿ." ಅವಳು ಪುಸ್ತಕವನ್ನು ಇನ್ನಷ್ಟು ಅವಚಿಕೊಂಡಳು. "ಕೊನೀಗೆ ಆಕಿ ತಿರುಗಿ ಬರ್ತಾಳ್ರಿ. ಬಂದು ಅಳ್ತಾಳ. ಎಲ್ಲಾರೂ ಬುದ್ಧಿ ಹೇಳ್ತಾರ. ಆದ್ರ ಎಲ್ಲಿಗೆ ಹೋಗಿದ್ದಿ, ಅಲ್ಲೇನ ನೋಡಿದಿ ಅಂತ ಆಕಿನ್ನ ಒಬ್ರೂ ಕೇಳಿಲ್ರಿ. ಅವರಿಗೇ ಬ್ಯಾಡಾಗೇತಿ ಅಂದ್ರ, ನಡುವಿಂದು ಯಾಕ ಓದೂದು ಅಂತ ಬಿಟ್ನಿ."

ಅಷ್ಟು ಹೇಳಿ ಅವಳು ಕೈಮುಗಿದು ಇಳಿದುಬಿಟ್ಟಳು. ಪ್ಯಾರಾದ ಮಾತನ್ನು ಯಾರೂ ಎತ್ತಲಿಲ್ಲ. "ಮಕ್ಕಳ ಮಾತು, ಮುಗ್ಧ ಮಾತು" ಎಂದು ಸತ್ಯಮೂರ್ತಿಗಳು ಚಪ್ಪಾಳೆಗೆ ಸನ್ನೆ ಮಾಡಿದರು. ಚಪ್ಪಾಳೆ ಬಿತ್ತು. ಜಯಸಿಂಹನ ಕೈಗಳು ತೆಂಗಿನಕಾಯಿ ಹಿಡಿದುಕೊಂಡೇ ಇದ್ದವು. ಅವಮಾನ ಬಂದೇ ಬರುತ್ತದೆಂದು ಮೈ ಬಿಗಿಹಿಡಿದು ಕಾದ. ಬಂತು ಕೂಡ, ಕಿವಿ ಬಿಸಿಯಾಯಿತು, ಕುತ್ತಿಗೆಯ ಹಾರ ಕಡಿಯತೊಡಗಿತು. ಅದರ ಕೆಳಗೆ ಇನ್ನೇನೋ ಇತ್ತು. 'ಅನ್ನ ಉಕ್ಕಿದ್ದೂ ಖಬರಿಲ್ಲ.' ಸಭೆ ಮುಗಿಯುವ ತನಕ ಅವನು ಆ ಮಾತನ್ನು ಮುಟ್ಟಲೂ ಹೆದರುತ್ತಿದ್ದ, ಬಿಡಲೂ ಹೆದರುತ್ತಿದ್ದ.

ತಿರುಗಿ ಹೋಗುವಾಗ ಬೋರಿಬಂದರಿನಲ್ಲಿ ಮೂವರೂ ಒಂದೇ ಡಬ್ಬಿ ಹತ್ತಿದರು. ಭಾನುವಾರದ ಇಳಿಹೊತ್ತು, ಗದ್ದಲವಿರಲಿಲ್ಲ. ಸೇವಂತಿ ಕಿಟಕಿಯ ಪಕ್ಕ ಕೂತು ಮುಖ ಹೊರಗೆ ತಿರುಗಿಸಿದಳು. ದಾನವ್ವ ಶಾಲು, ತೆಂಗಿನಕಾಯಿಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಗಾಡಿ ಎರಡು ಸ್ಟೇಷನ್ ದಾಟಿತು.

"ತಪ್ಪ ತಿಳೀಬ್ಯಾಡ್ರಿ ರಾಯರ" ಎಂದಳು ದಾನವ್ವ. "ಹುಚ್ಚ ಹುಡುಗಿ, ಮಂದ್ಯಾಗ ಏನ ಅನಬೇಕ, ಏನ ಅನಬಾರದು ತಿಳಿಯಂಗಿಲ್ಲ ಅದಕ್ಕ."

"ಇಲ್ಲ ಅವ್ವ. ಸರಿಯಾಗೇ ಹೇಳಿದಳು."

ದಾನವ್ವ ತೆಂಗಿನಕಾಯಿಯ ಜುಟ್ಟು ಸವರಿದಳು. ಆಮೇಲೆ ದನಿ ತಗ್ಗಿಸಿ, ಕೇಳಬಾರದ್ದನ್ನು ಕೇಳುವವಳ ಹಾಗೆ, "ಅಂದಂಗ, ಎಲ್ಲಿಗೆ ಹೋಗಿದ್ಲ್ರೀ ಆಕಿ?" ಎಂದಳು.

ಕಿಟಕಿಯ ಪಕ್ಕದ ಜಡೆ ಅಲುಗಲಿಲ್ಲ. ಜಯಸಿಂಹನ ಬಳಿ ಸಿದ್ಧವಾದ ಉತ್ತರವಿತ್ತು, ಅಚ್ಚಾಗಿತ್ತು, ಬಹುಮಾನ ಬಂದಿತ್ತು. ಅದನ್ನು ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ.

"ಕೊನೇ ಸ್ಟೇಷನ್ ತನಕ" ಎಂದ.

"ಅಯ್ಯ ಶಿವನ! ಒಬ್ಬಾಕೀನ? ಮನ್ಯಾಗ ಯಾರರೆ ಬೈದಿದ್ರೇನು?"

"ಇಲ್ಲ. ಯಾರೂ ಬೈದಿರಲಿಲ್ಲ."

"ಮತ್ತ ಯಾಕ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ದನಿ ಬಂತು, ಮುಖ ಮಾತ್ರ ತಿರುಗಲಿಲ್ಲ. "ಸುಮ್ನ ಹೋಗಿರ್ತಾಳ ಯವ್ವಾ."

"ಹೌದು" ಎಂದ ಜಯಸಿಂಹ. "ಸುಮ್ಮನೆ."

ಈಗ ದಾನವ್ವ ಬೈಯುತ್ತಾಳೆ, ಇಂಥದ್ದನ್ನು ಬರೆದು ಹುಡುಗೇರನ್ನ ಕೆಡಸ್ತೀರೇನು ಎನ್ನುತ್ತಾಳೆ ಎಂದು ಅವನು ಕಾದ. ದಾನವ್ವ ಕಾಲು ಮಡಚಿ ಬೆಂಚಿನ ಮೇಲೆ ಸರಿಯಾಗಿ ಕೂತಳು. "ಹೂಂ" ಎಂದಳು. "ಮುಂದ?"

"ಅಲ್ಲಿ ಇಳಿದು ಒಂದು ಬೆಂಚಿನ ಮೇಲೆ ಕೂತಳು. ಪೇರಲಹಣ್ಣು ಮಾರುವವಳು ಬಂದಳು. ಒಂದು ತೊಗೊಂಡಳು."

"ಉಪ್ಪ ಹಚ್ಚಿ ಕೊಟ್ಟಳೇನು?"

"ಉಪ್ಪು, ಖಾರ."

"ಹಂಗಿದ್ರ ಚಲೋ. ಹೂಂ?"

"ಎಂಜಿನ್ನು ನೀರು ಕುಡಿಯೋದನ್ನ ನೋಡ್ತಾ ಕೂತಳು." ಅಷ್ಟಕ್ಕೆ ಅವನ ಹತ್ತಿರ ಇದ್ದದ್ದು ಮುಗಿಯಿತು. ಮುಂದೆ ಏನು? ಅವತ್ತು ಮಧ್ಯಾಹ್ನ ಅವನು ಯಾಕೆ ಎಂದು ಕೇಳಿದ್ದ, ಮುಂದೇನು ಎಂದು ಕೇಳಿರಲಿಲ್ಲ. ಬರೆಯಲು ಅವಸರವಾಗಿತ್ತು. ಚಿಂಚ್‌ಪೋಕಳಿ ಹಿಂದಾಯಿತು. ದಾನವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಸೇವಂತಿಯ ಕಡೆ ನೋಡಿದ. ಅವಳು ಕಿಟಕಿಯ ಸರಳಿನಿಂದ ಹಣೆ ತೆಗೆದು, ಮೊದಲು ಅವನನ್ನು, ಆಮೇಲೆ ತಾಯಿಯನ್ನು ನೋಡಿದಳು.

"ಆ ಬೆಂಚಿನ ಮ್ಯಾಲ ಇನ್ನೊಬ್ಬಾಕಿ ಕುಂತಿದ್ಲ ಯವ್ವಾ" ಎಂದಳು. "ವಯಸ್ಸಾದಾಕಿ. ಗಂಟು ಮೂಟಿ ಇಟ್ಕೊಂಡು. ಯಾರ ಮಗಳವ್ವಾ ನೀ, ಎಲ್ಲಿಗೆ ಹೊಂಟಿ ಅಂತ ಕೇಳಿದ್ಲ."

"ಏನಂದ್ಲ?"

"ಸುಳ್ಳ ಹೇಳಿದ್ಲ. ಹೆಸರೂ ಬ್ಯಾರೆ ಹೇಳಿದ್ಲ. ಪುಣೇದಾಗ ನಮ್ಮ ಅತ್ತಿ ಬ್ಯಾನಿ ಬಿದ್ದಾಳ, ನೋಡಾಕ ಹೊಂಟೀನಿ, ನಮ್ಮಪ್ಪ ಟಿಕೀಟ ತರಾಕ ಹೋಗ್ಯಾನ ಅಂದ್ಲ."

ಅಪ್ಪ. ಆ ಮಾತಿಗೆ ದಾನವ್ವನ ಕೈ ತೆಂಗಿನಕಾಯಿಯ ಮೇಲೆ ನಿಂತಿತು. ಅವಳ ಗಂಡ ನೀಲಕಂಠಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಖಾನಾವಳಿಯ ಗೋಡೆಯ ಮೇಲಿನ ಫೋಟೋ ಬಿಟ್ಟರೆ ಜಯಸಿಂಹನಿಗೂ ಅವನು ಗೊತ್ತಿಲ್ಲ. ಇದನ್ನು ಸೇವಂತಿ ಅವತ್ತು ತನಗೆ ಹೇಳಿರಲಿಲ್ಲ. ದಾನವ್ವ ಮಗಳ ಮುಖವನ್ನು ಒಂದು ಕ್ಷಣ ನೋಡಿ, ಹಾಗೆಯೇ ಕಣ್ಣು ಇಳಿಸಿ, ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು.

"ನಂಬಿದ್ಲೇನು ಆ ಮುದುಕಿ?" ಅವಳ ದನಿ ಬೇರೆಯಾಗಿತ್ತು.

"ನಂಬಿದ್ಲ. ನಿಮ್ಮಪ್ಪ ಹೆಂಗದಾನ, ಎತ್ತರ ಅದಾನೇನು ಅಂತ ಕೇಳಿದ್ಲ. ಗರ್ದಿಯೊಳಗ ಹುಡುಕಾಕ."

"ಹೆಂಗದಾನ ಅಂದ್ಲ?"

ಗಾಡಿಯ ವೇಗ ತಗ್ಗಿತು. ಕಿಟಕಿಯ ಹೊರಗೆ ಪ್ಲಾಟ್‌ಫಾರ್ಮು ಬಂತು, ಹಳದಿ ಹಲಗೆಯ ಮೇಲೆ ಪರೇಲ್ ಎಂಬ ಕಪ್ಪು ಅಕ್ಷರ ಜಯಸಿಂಹನ ಕಣ್ಣಮುಂದೆ ನಿಧಾನವಾಗಿ ಹಾದುಹೋಯಿತು; ಸ್ವಲ್ಪ ಮುಂದೆ ಹೋಗಿ ಗಾಡಿ ನಿಂತಿತು. ಇಳಿಯುವವರು ಇಳಿದರು. ಸ್ಟೇಷನ್ ಬಂತು ಎಂಬ ಮಾತು ಅವನ ನಾಲಗೆಯ ತುದಿಗೆ ಬಂದಿತ್ತು. ದಿನವೆಲ್ಲ ಒಂದಲ್ಲ ಒಂದು ಮಾತು ಆಡಿ ಕೆಡಿಸಿದವನು ಅದನ್ನು ಹಲ್ಲಿನ ಹಿಂದೆ ಹಿಡಿದುಕೊಂಡು, ತಾನು ಕೂತ ಮರದ ಬೆಂಚನ್ನು ಎರಡು ಕೈಗಳಿಂದಲೂ ಒತ್ತಿಹಿಡಿದ. ಸೇವಂತಿ ಹಲಗೆ ನೋಡಿದಳೋ ಇಲ್ಲವೋ, ತಾಯಿಯ ಕಡೆ ಬಾಗಿ ಹೇಳುತ್ತಲೇ ಇದ್ದಳು. ಗಾಡಿ ಸಣ್ಣಗೆ ಜಗ್ಗಿ ಹೊರಟಿತು.

"ಹೂಂ" ಎಂದಳು ದಾನವ್ವ. "ಮುಂದ?"